ಇರುವ ರಸ್ತೆಗೇ ದುಡ್ಡಿಲ್ಲ, ಹೊಸದು ಯಾರಿಗಾಗಿ?

ಅಮೆರಿಕದ ರಾಷ್ಟ್ರೀಯ ಅರಣ್ಯಗಳ ರಸ್ತೆಯಿಲ್ಲದ ಭಾಗಗಳಲ್ಲಿ ಹೊಸ ರಸ್ತೆಗಳಿಗೆ ತಡೆಯೊಡ್ಡಿರುವ 2001ರ ನಿಯಮವನ್ನು ರದ್ದು ಮಾಡಲು ಹೊರಟಿರುವುದು ತಪ್ಪು. ಕಾಡಿನ ಮೇಲಿನ ಮಮತೆಯನ್ನು ಪಕ್ಕಕ್ಕಿಟ್ಟು ಬರೀ ಖರ್ಚಿನ ಲೆಕ್ಕ ನೋಡಿದರೂ ಅದು ತಪ್ಪೇ. ಕೃಷಿ ಕಾರ್ಯದರ್ಶಿ ಬ್ರೂಕ್ ರಾಲಿನ್ಸ್ 2025ರ ಜೂನ್ 23ರಂದು ನ್ಯೂ ಮೆಕ್ಸಿಕೊದ ಸಾಂಟಾ ಫೇಯಲ್ಲಿ ಈ ನಿರ್ಧಾರ ಪ್ರಕಟಿಸಿದರು. ಅಲ್ಲಿಂದೀಚೆಗೆ ಒಂದು ಪಕ್ಷ ಕಾಳ್ಗಿಚ್ಚು, ನಾಟಾ, ಉದ್ಯೋಗ ಎನ್ನುತ್ತಿದೆ. ಇನ್ನೊಂದು ಪಕ್ಷ ಕರಡಿ, ಸಾಲ್ಮನ್ ಮೀನು, ಶತಮಾನಗಳ ಮರ ಎನ್ನುತ್ತಿದೆ. ಈ ಗದ್ದಲದಲ್ಲಿ ಮುಖ್ಯವಾದ ಸಂಖ್ಯೆಯೊಂದು ಮೂಲೆಗೆ ಬಿದ್ದಿದೆ: 840 ಕೋಟಿ ಡಾಲರ್.

ಇದು ಪರಿಸರ ಹೋರಾಟಗಾರರು ಹಾಕಿದ ಲೆಕ್ಕವಲ್ಲ. ನಿಯಮ ಹೊರಡಿಸುವಾಗ ಕೃಷಿ ಇಲಾಖೆಯಡಿಯ ಅರಣ್ಯ ಸೇವೆಯೇ ಬರೆದುಕೊಂಡ ಕಾರಣವಿದು. ಆಗ ಅದರ ಕೈಯಲ್ಲಿದ್ದದ್ದು 3.86 ಲಕ್ಷ ಮೈಲಿ, ಅಂದರೆ ಆರು ಲಕ್ಷ ಕಿಲೊಮೀಟರ್ ದಾಟಿದ ಕಾಡುರಸ್ತೆ. ಆ ದೇಶದ ಅಂತರರಾಜ್ಯ ಹೆದ್ದಾರಿಗಳ ಒಟ್ಟು ಉದ್ದಕ್ಕಿಂತ ಸುಮಾರು ಎಂಟು ಪಟ್ಟು. ಈ ರಸ್ತೆಗಳ ಬಾಕಿ ದುರಸ್ತಿ ಮತ್ತು ಸುಧಾರಣೆಗೆ 840 ಕೋಟಿ ಡಾಲರ್ ಬೇಕಿತ್ತು. ವರ್ಷದ ನಿರ್ವಹಣೆಗೆ ಬೇಕಾದ ಹಣದಲ್ಲಿ ಕೈಗೆ ಸಿಗುತ್ತಿದ್ದದ್ದು ಶೇ 20ಕ್ಕಿಂತ ಕಡಿಮೆ. ಅರಣ್ಯ ಸೇವೆಯ ಮುಖ್ಯಸ್ಥರಾಗಿದ್ದ ಮೈಕ್ ಡೊಂಬೆಕ್ 1999ರಲ್ಲಿಯೇ ರಸ್ತೆಯಿಲ್ಲದ ಬಹುಪಾಲು ಕಾಡುಗಳಲ್ಲಿ ಹೊಸ ರಸ್ತೆ ಕೆಲಸವನ್ನು ಹದಿನೆಂಟು ತಿಂಗಳ ಮಟ್ಟಿಗೆ ನಿಲ್ಲಿಸಿದ್ದರ ಹಿಂದೆಯೂ ಇದೇ ಲೆಕ್ಕವಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗೃಹಸ್ಥರ ವಿವೇಕ ಅದು.

ನಿರ್ವಹಣೆ ತಪ್ಪಿದ ಕಾಡುರಸ್ತೆ ಸುಮ್ಮನೆ ಬಿದ್ದಿರುವುದಿಲ್ಲ. ಮೋರಿಯಲ್ಲಿ ಕಸ ಕಟ್ಟುತ್ತದೆ, ಮಳೆನೀರು ರಸ್ತೆಯ ಮೇಲೇ ಹರಿಯುತ್ತದೆ, ಕಡಿದ ದರೆ ಜಾರುತ್ತದೆ, ಆ ಮಣ್ಣೆಲ್ಲ ಕೆಳಗಿನ ಹೊಳೆ ಸೇರುತ್ತದೆ. 1995-96ರ ಚಳಿಗಾಲದಲ್ಲಿ ಐಡಾಹೊದ ಕ್ಲಿಯರ್‌ವಾಟರ್ ಅರಣ್ಯದಲ್ಲಿ ನೂರಾರು ಕಡೆ ಗುಡ್ಡ ಕುಸಿಯಿತು. ಅವುಗಳಲ್ಲಿ ಅರ್ಧಕ್ಕೂ ಹೆಚ್ಚು ಕುಸಿತಗಳ ಬೇರು ಇದ್ದದ್ದು ರಸ್ತೆಗಳಲ್ಲಿ. ಹೊಸ ರಸ್ತೆಯ ಖರ್ಚು ಉದ್ಘಾಟನೆಯ ದಿನಕ್ಕೆ ಮುಗಿಯುವುದಿಲ್ಲ. ಪ್ರತಿ ಮಳೆಗಾಲವೂ ಅದರ ಬಿಲ್ಲು ಬರುತ್ತಲೇ ಇರುತ್ತದೆ. ಆ ಬಿಲ್ಲು ಕಟ್ಟುವವರು ಯಾರೆಂದು ಸರ್ಕಾರ ಮೊದಲು ಹೇಳಲಿ.

ಈಗ ಬೆಂಕಿಯ ವಾದಕ್ಕೆ ಬರೋಣ. ನಿಯಮದಡಿಯ 5.85 ಕೋಟಿ ಎಕರೆಯಲ್ಲಿ 2.8 ಕೋಟಿ ಎಕರೆ ಕಾಳ್ಗಿಚ್ಚಿನ ತೀವ್ರ ಅಪಾಯದಲ್ಲಿದೆ ಎಂಬುದು ಕೃಷಿ ಇಲಾಖೆಯ ವಾದ. ಅಪಾಯವಿರುವುದು ನಿಜ, ಪಶ್ಚಿಮದ ರಾಜ್ಯಗಳ ಜನರ ಭಯವೂ ನಿಜ. ಆದರೆ ಬೆಂಕಿ ಶುರುವಾಗುವುದು ಹೇಗೆ? 1992ರಿಂದ 2012ರವರೆಗಿನ ದಾಖಲೆಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಅಮೆರಿಕದ ಕಾಳ್ಗಿಚ್ಚುಗಳಲ್ಲಿ ಶೇ 84ರಷ್ಟು ಮನುಷ್ಯರಿಂದ ಹೊತ್ತಿಕೊಂಡವು. ಸುಟ್ಟ ವಿಸ್ತೀರ್ಣದಲ್ಲಿ ಅವುಗಳ ಪಾಲು ಶೇ 44. ಸಿಡಿಲಿನ ಬೆಂಕಿ ಸಂಖ್ಯೆಯಲ್ಲಿ ಕಡಿಮೆಯಾದರೂ ಹೆಚ್ಚು ಕಾಡು ಸುಡುತ್ತದೆ ಎಂಬುದನ್ನು ಒಪ್ಪೋಣ. ಆದರೂ ಮನುಷ್ಯ ಹೋದಲ್ಲೆಲ್ಲ ಕಿಡಿ ಹೋಗುತ್ತದೆ, ಮನುಷ್ಯನನ್ನು ಒಳಗೆ ಒಯ್ಯುವುದು ರಸ್ತೆ. ಬೆಂಕಿ ಆರಿಸಲೆಂದು ಮಾಡಿದ ದಾರಿ ಬೆಂಕಿ ಹಚ್ಚುವವನಿಗೂ ದಾರಿಯೇ.

ಇದಕ್ಕಿಂತ ಮುಖ್ಯವಾದ ಮಾತು ನಿಯಮದ ಪಠ್ಯದಲ್ಲೇ ಇದೆ. ಬೆಂಕಿ ಅಥವಾ ನೆರೆ ತಲೆಯ ಮೇಲೆ ಬಂದಾಗ ಜೀವರಕ್ಷಣೆಗೆ ರಸ್ತೆ ಮಾಡಲು ಅದು ಅವಕಾಶ ಕೊಟ್ಟಿದೆ. ಕಾಳ್ಗಿಚ್ಚಿನ ತೀವ್ರತೆ ತಗ್ಗಿಸಲು ಸಣ್ಣ ಸುತ್ತಳತೆಯ ಮರಗಳನ್ನು ತೆರವು ಮಾಡುವುದಕ್ಕೂ ಅವಕಾಶವಿದೆ. ಈ ವಿನಾಯಿತಿಗಳು ಸಾಲವು ಎನ್ನುವವರು ಎಲ್ಲಿ, ಯಾವಾಗ ಸಾಲದೇ ಹೋದವೆಂದು ಉದಾಹರಣೆ ಕೊಟ್ಟು ತೋರಿಸಬೇಕು. ಅದು ಬಿಟ್ಟು ಇಡೀ ನಿಯಮವನ್ನೇ ಕಿತ್ತುಹಾಕಲು ಹೊರಟರೆ ಕಣ್ಣು ಸಣ್ಣ ಮರದ ಮೇಲಿಲ್ಲ, ದೊಡ್ಡ ಮರದ ಮೇಲಿದೆ ಎಂದೇ ಅರ್ಥ.

ಕ್ರಮವೂ ಸರಿಯಿಲ್ಲ. 2001ರ ನಿಯಮ ರೂಪುಗೊಂಡದ್ದು 600ಕ್ಕೂ ಹೆಚ್ಚು ಸಾರ್ವಜನಿಕ ಸಭೆಗಳು, 16 ಲಕ್ಷ ಅಭಿಪ್ರಾಯಗಳ ನಂತರ. ಅದನ್ನು ಕಳಚುವ ಪ್ರಕ್ರಿಯೆ ಆರಂಭಿಸುವಾಗ ಜನರಿಗೆ ಕೊಟ್ಟದ್ದು 21 ದಿನ: 2025ರ ಆಗಸ್ಟ್ 29ರಿಂದ ಸೆಪ್ಟೆಂಬರ್ 19. ಪ್ರತ್ಯೇಕ ನಿಯಮಗಳಿರುವ ಐಡಾಹೊ ಮತ್ತು ಕೊಲೊರಾಡೊಗಳನ್ನು ಬಿಟ್ಟರೂ ಪಣಕ್ಕಿರುವುದು ಸುಮಾರು 4.47 ಕೋಟಿ ಎಕರೆ. ಹೆಚ್ಚುಕಡಿಮೆ ಇಡೀ ಕರ್ನಾಟಕದಷ್ಟು ನೆಲದ ಬಗ್ಗೆ ಮಾತಾಡಲು ಮೂರು ವಾರ!

ರಾಲಿನ್ಸ್ ನಿಂತು ಮಾತಾಡಿದ ನ್ಯೂ ಮೆಕ್ಸಿಕೊದಲ್ಲೇ ಇದಕ್ಕೊಂದು ಪೂರ್ವನಿದರ್ಶನವಿದೆ. ಅಲ್ಡೊ ಲಿಯೊಪೋಲ್ಡ್ ಎಂಬ ಅರಣ್ಯಾಧಿಕಾರಿಯ ಒತ್ತಾಸೆಯಿಂದ 1924ರ ಜೂನ್ 3ರಂದು ಅರಣ್ಯ ಸೇವೆ ಗೀಲಾ ಕಾಡನ್ನು ರಸ್ತೆಯಿಲ್ಲದ ವನ್ಯಪ್ರದೇಶವಾಗಿ ಕಾಯ್ದಿಟ್ಟಿತು. ಕಾನೂನಿನ ಬಲವಿರಲಿಲ್ಲ, ಬರೀ ಆಡಳಿತಾತ್ಮಕ ಆದೇಶ. ಅಲ್ಲಿ ತೋಳಗಳನ್ನು ಕೊಂದು ಮುಗಿಸಿದ್ದರಿಂದ ಜಿಂಕೆ ಮಿತಿಮೀರಿತು. ಬೇಟೆಗಾರರು ಒಳಗೆ ಹೋಗಿ ಜಿಂಕೆ ಹೊಡೆಯಲೆಂದು, ಆದೇಶ ಹೊರಡಿಸಿದ್ದ ಅರಣ್ಯ ಸೇವೆಯೇ 1930ರ ಸುಮಾರಿಗೆ ಕಾಡಿನ ನಡುವೆ ನಾರ್ತ್ ಸ್ಟಾರ್ ರಸ್ತೆ ಕಡಿಯಿತು. ಆಗಲೂ ಹೇಳಿದ್ದು ನಿರ್ವಹಣೆಯ ತುರ್ತು ಎಂದೇ.

ಜಿಂಕೆಯ ತುರ್ತು ಕಳೆಯಿತು, ರಸ್ತೆ ಉಳಿಯಿತು. ಇಂದಿಗೂ ಅದು ಆ ಕಾಡನ್ನು ಎರಡು ಹೋಳು ಮಾಡಿ ನಿಂತಿದೆ. ಪಶ್ಚಿಮಕ್ಕೆ ಗೀಲಾ ವನ್ಯಪ್ರದೇಶ, ಪೂರ್ವಕ್ಕೆ 1980ರಲ್ಲಿ ಲಿಯೊಪೋಲ್ಡ್ ಹೆಸರಿಟ್ಟ ವನ್ಯಪ್ರದೇಶ. ಅಧಿಕಾರಿಯ ಆದೇಶ ಅಧಿಕಾರಿಯ ಕೈಯಿಂದಲೇ ಅಳಿಯುತ್ತದೆ ಎಂಬ ಅರಿವು 1964ರ ವೈಲ್ಡರ್‌ನೆಸ್ ಕಾಯ್ದೆಯ ಬೆನ್ನಿಗಿತ್ತು. ಆ ಕಾಯ್ದೆಯಡಿ ಈಗ 11 ಕೋಟಿ ಎಕರೆಗೂ ಹೆಚ್ಚು ನೆಲ ಸುಭದ್ರವಾಗಿದೆ. ರಸ್ತೆಯಿಲ್ಲದ ಉಳಿದ ಕಾಡು ನಾಳೆ ಆ ಪಟ್ಟಿ ಸೇರಬಹುದಾದ ನೆಲ. ಒಮ್ಮೆ ಬುಲ್ಡೋಜರ್ ಹೊಕ್ಕರೆ ಆ ಅರ್ಹತೆಯೇ ಹೋಗುತ್ತದೆ.

ಹಾಗಾಗಿ 2001ರ ನಿಯಮವನ್ನು ಬರೀ ಉಳಿಸಿಕೊಂಡರೆ ಸಾಲದು. ಅಲಾಸ್ಕಾದ ಟೊಂಗಾಸ್ ಅರಣ್ಯಕ್ಕೆ 2020ರಲ್ಲಿ ನಿಯಮದಿಂದ ವಿನಾಯಿತಿ ಸಿಕ್ಕಿತು, 2023ರಲ್ಲಿ ರಕ್ಷಣೆ ಮರಳಿತು, ಈಗ ಮತ್ತೆ ಹೋಗುವುದರಲ್ಲಿದೆ. ನೂರಾರು ವರ್ಷ ಬಾಳುವ ಮರದ ಹಣೆಬರಹವನ್ನು ನಾಲ್ಕು ವರ್ಷದ ಚುನಾವಣೆಗೆ ಕಟ್ಟಿಹಾಕಬಾರದು. ಈ ರಕ್ಷಣೆಯನ್ನು ಕಾಯ್ದೆಯಾಗಿಸುವ ಮಸೂದೆಗಳು ಕಾಂಗ್ರೆಸ್‌ನಲ್ಲಿ ಮತ್ತೆ ಮತ್ತೆ ಮಂಡನೆಯಾಗಿ ಅಲ್ಲಲ್ಲೇ ನಿಂತಿವೆ. ಅವುಗಳಲ್ಲಿ ಒಂದನ್ನಾದರೂ ಅಂಗೀಕರಿಸಬೇಕು. ಅಲ್ಲಿಯವರೆಗೆ, ಇರುವ ರಸ್ತೆಗಳ ದುರಸ್ತಿ ಬಾಕಿ ತೀರುವ ತನಕ ಹೊಸದೊಂದು ಮೈಲಿಯನ್ನೂ ಕಡಿಯಬಾರದು. ಕಡಿಯಲೇಬೇಕೆನ್ನುವವರು ಮೊದಲು ನಾರ್ತ್ ಸ್ಟಾರ್ ರಸ್ತೆಯಲ್ಲಿ ನಿಂತು ಎಡಬಲದ ಎರಡು ಕಾಡುಗಳನ್ನು ನೋಡಿಬರಲಿ. ಅದು ಒಂದೇ ಕಾಡಾಗಿತ್ತು.