ಪದರಗಳ ನಡುವಣ ಕೋನ

ಕುರಕುಂಟಾದಿಂದ ವಾಡಿ, ಶಹಾಬಾದಿನವರೆಗಿನ ಸೀಮೆಯಲ್ಲಿ ಹುಟ್ಟಿದ ಮಕ್ಕಳಿಗೆ ಪದರವೆಂದರೇನೆಂದು ಪಾಠ ಹೇಳಬೇಕಾದುದಿಲ್ಲ. ಉಳಿಯ ಪೆಟ್ಟಿಗೆ ಸುಣ್ಣಕಲ್ಲು ಹಾಸುಹಾಸಾಗಿ ಬಿಡಿಸಿಕೊಳ್ಳುವುದನ್ನು ಅವರು ಕಂಡೇ ಬೆಳೆದವರು. ಇಂದಿನ ಭೌತವಿಜ್ಞಾನದ ಒಂದು ಸೊಗಸಾದ ಅಧ್ಯಾಯವೂ ಪದರದಿಂದಲೇ ಆರಂಭವಾಗುತ್ತದೆ.

2004ರಲ್ಲಿ ಮ್ಯಾಂಚೆಸ್ಟರಿನ ಗೈಮ್ ಮತ್ತು ನೊವೊಸೆಲೊವ್ ಅವರು ಗ್ರಾಫೈಟನ್ನು ಅಂಟುಪಟ್ಟಿಯಿಂದ ಸುಲಿದು, ಒಂದೇ ಪರಮಾಣುವಿನಷ್ಟು ದಪ್ಪದ ಗ್ರಾಫೀನ್ ಹಾಳೆಯನ್ನು ಪಡೆದರು. ಇಂತಹ ಪದರಗಳನ್ನು ಎಣಿಸಲು ಇಂದು ನೆರವಾಗುವುದು ನಮ್ಮ ರಾಮನ್ನರು 1928ರಲ್ಲಿ ಕಂಡ ಪರಿಣಾಮವೆಂಬುದು ಹೆಮ್ಮೆಯ ಮಾತು. ಎರಡು ಜರಡಿಗಳನ್ನು ಒಂದರ ಮೇಲೊಂದಿರಿಸಿ ಕೊಂಚ ತಿರುಗಿಸಿದರೆ, ಎರಡರಲ್ಲಿಯೂ ಇಲ್ಲದ ದೊಡ್ಡ ಚಿತ್ತಾರ ಮೂಡುವುದಷ್ಟೆ? 2018ರಲ್ಲಿ ಎರಡು ಗ್ರಾಫೀನ್ ಹಾಳೆಗಳನ್ನು ಹಾಗೆಯೇ ಸುಮಾರು 1.1 ಡಿಗ್ರಿ ತಿರುಗಿಸಿದಾಗ, ಅತಿ ಶೀತದಲ್ಲಿ ವಿದ್ಯುತ್ತು ತಡೆಯಿಲ್ಲದೆ ಹರಿಯುವ ಸ್ಥಿತಿ ಕಂಡುಬಂದಿತು.

ಬೆಳಕೂ ಈ ಉಪಾಯಕ್ಕೆ ಮಣಿಯಿತು. ಮೀಟರಿನ ನೂರು ಕೋಟಿಯಲ್ಲೊಂದು ಪಾಲು ನ್ಯಾನೋಮೀಟರ್. ಅಂತಹ ಅಳತೆಯ ಇಕ್ಕಟ್ಟಿನಲ್ಲಿ ಬೆಳಕನ್ನು ನಡೆಸುವುದು ಸುಲಭವಲ್ಲ. ಮಾಲಿಬ್ಡಿನಂ ಟ್ರೈಆಕ್ಸೈಡ್ ಎಂಬ ಹರಳಿನಲ್ಲಿ ಕಣ್ಣಿಗೆ ಕಾಣದ ಅವಕೆಂಪು ಬೆಳಕು ಪರಮಾಣುಗಳ ಕಂಪನದೊಡನೆ ಬೆರೆತು, ತನ್ನ ಅಲೆಯುದ್ದವನ್ನು ಬಹಳ ಕುಗ್ಗಿಸಿಕೊಳ್ಳುತ್ತದೆ. ಅದರ ಎರಡು ತೆಳುಪದರಗಳನ್ನು ತಕ್ಕ ಕೋನಕ್ಕೆ ತಿರುಗಿಸಿದಾಗ, ಆ ಬೆಳಕು ಸುತ್ತಲೂ ಹರಡದೆ ಕಾಲುವೆಯ ನೀರಿನಂತೆ ಒಂದೇ ದಿಕ್ಕಿಗೆ ಸಾಗಿದುದನ್ನು 2020ರಲ್ಲಿ ಸಂಶೋಧಕರು ತೋರಿಸಿದರು. ವಸ್ತು ಅದೇ, ಬದಲಾದುದು ಪದರಗಳ ನಡುವಣ ಕೋನ ಮಾತ್ರ. ಸೂಕ್ಷ್ಮ ಸಂವೇದಕಗಳಿಗೂ ಬೆಳಕಿನಿಂದ ನಡೆಯುವ ಗಣಕಗಳಿಗೂ ಇದು ದಾರಿಯಾದೀತೆಂಬ ನಿರೀಕ್ಷೆಯಿದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ತಿರುಚಿದ ಗ್ರಾಫೀನಿನ ಸಂಶೋಧನೆ ನಡೆದಿದೆ. ಆದರೆ ಈ ವಿದ್ಯೆ ಸೇಡಮ್ಮಿನ ವಿದ್ಯಾರ್ಥಿಯನ್ನು ಅವನ ಮಾತಿನಲ್ಲಿಯೇ ಎಂದು ತಲಪೀತು? ಕನ್ನಡದಲ್ಲಿ ಇಂತಹದನ್ನು ಹೇಳಲಾಗದೆನ್ನುವವರು ಮಳಖೇಡವನ್ನು ನೆನೆಯಬೇಕು. ಇದೇ ತಾಲ್ಲೂಕಿನ ಆ ಊರೇ ಅಂದಿನ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಿಂದ ಕವಿರಾಜಮಾರ್ಗ ಹೊರಟುದು ಅಲ್ಲಿಂದಲೇ. ಅದು ದಂಡಿಯ ಕಾವ್ಯಾದರ್ಶವನ್ನು ಆಶ್ರಯಿಸಿದರೂ ಬರಿಯ ನಕಲಾಗಲಿಲ್ಲ. ಪಡೆದುದನ್ನು ಕನ್ನಡದ ಜಾಯಮಾನಕ್ಕೆ ತಿರುಗಿಸಿಕೊಂಡಿತು.

ವಿಜ್ಞಾನಕ್ಕೂ ಬೇಕಾದುದು ಅಂತಹ ತಿರುವೇ. ಗ್ರಾಫೀನ್ ಗ್ರಾಫೀನೆಂದೇ ಉಳಿಯಲಿ. ವಿವರಣೆ ಮಾತ್ರ ನಮ್ಮ ಜರಡಿ, ಕಾಲುವೆ, ಹಾಸುಗಲ್ಲುಗಳಿಂದ ಬರಲಿ. ವಿಜ್ಞಾನದ ಅಧ್ಯಾಪಕರು ವರ್ಷಕ್ಕೊಂದು ಹೊಸ ವಿಷಯವನ್ನಾದರೂ ಕನ್ನಡದಲ್ಲಿ ಬರೆಯುವ ಕೆಲಸವನ್ನು ಇಂದೇ ಕೈಗೊಳ್ಳಲೆಂದು ನಾವು ಕೋರುತ್ತೇವೆ.