ನೋಟಿಸಿಗೆ ಹೆದರುವ ಮುನ್ನ ಲೆಕ್ಕ ಬರೆಯೋಣ

2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಮೂಲಕ ಬಂದ ಹಣದ ಮಾಹಿತಿಯನ್ನು ಆಧರಿಸಿ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ನೀಡಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ಸುಮಾರು 29 ಲಕ್ಷ ರೂಪಾಯಿಯ ಬೇಡಿಕೆ ಬಂದಾಗ ನಾಡು ಬೆಚ್ಚಿತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಬೆಂಗಳೂರಿನ ಅನೇಕ ಅಂಗಡಿಗಳಲ್ಲಿ 'ಯುಪಿಐ ಇಲ್ಲ, ನಗದು ಮಾತ್ರ' ಎಂಬ ಫಲಕಗಳು ಕಾಣಿಸಿಕೊಂಡವು. ಜುಲೈ 23ರಂದು ಮುಖ್ಯಮಂತ್ರಿ ಸಿದ್ಧರಾಮಯ್ಯನವರು ವ್ಯಾಪಾರಿಗಳೊಂದಿಗೆ ಸಭೆ ನಡೆಸಿ, ನೋಂದಣಿ ಮಾಡಿಕೊಂಡರೆ ಹಳೆಯ ಬಾಕಿಯನ್ನು ಕೇಳುವುದಿಲ್ಲವೆಂದು ಭರವಸೆ ನೀಡಿದ ಬಳಿಕವೇ ಕೋಲಾಹಲ ತಣ್ಣಗಾಯಿತು.

ಇಲಾಖೆಯ ತಪ್ಪನ್ನು ನಾವು ಮರೆಮಾಚುವುದಿಲ್ಲ. ಖಾತೆಗೆ ಬಂದ ಹಣವೆಲ್ಲ ಮಾರಾಟದ ಹಣವಲ್ಲ. ಕೈಸಾಲ, ಚೀಟಿಹಣ, ಮನೆಯವರು ಕಳಿಸಿದ್ದು ಎಲ್ಲವೂ ಅದರಲ್ಲಿ ಸೇರಿರುತ್ತದೆ. ತಿಳಿವಳಿಕೆ ನೀಡುವ ಮೊದಲೇ ಬೆದರಿಕೆಯ ಕಾಗದ ಕಳಿಸುವುದು ಜನಪರ ಆಡಳಿತದ ಲಕ್ಷಣವಲ್ಲ. ಆದರೆ ನಗದಿಗೆ ಮರಳುವುದೂ ಪರಿಹಾರವಲ್ಲ. ನಗದು ವಹಿವಾಟಿಗೂ ಅದೇ ಕಾನೂನು ಅನ್ವಯಿಸುತ್ತದೆ.

ಚಾಮರಾಜನಗರ-ಗುಂಡ್ಲುಪೇಟೆ ಸೀಮೆಯ ಉಡಿಗಾಲದಂತಹ ಊರಿನ ಒಂದು ಅಂಗಡಿಯನ್ನು ಊಹಿಸಿಕೊಳ್ಳೋಣ. ವರ್ಷಕ್ಕೆ 42 ಲಕ್ಷ ವ್ಯಾಪಾರ. ಅದರಲ್ಲಿ ತರಕಾರಿ, ಬಾಳೆಹಣ್ಣು, ಹಾಲು 35 ಲಕ್ಷ, ಸಾಬೂನು-ಬಿಸ್ಕತ್ತು 7 ಲಕ್ಷ. ಸರಕು ಮಾರುವವರ ಒಟ್ಟು ವಹಿವಾಟು 40 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ವಿನಾಯಿತಿಯುಳ್ಳ ವಸ್ತುಗಳ ಮಾರಾಟವೂ ಈ ಲೆಕ್ಕಕ್ಕೆ ಸೇರುತ್ತದೆ. ಆದರೆ ತೆರಿಗೆ ಬೀಳುವುದು 7 ಲಕ್ಷದ ಮೇಲೆ ಮಾತ್ರ. ರಾಜಿ ತೆರಿಗೆ ಪದ್ಧತಿಯನ್ನು ಆರಿಸಿಕೊಂಡರೆ ಶೇ. 1ರಂತೆ 7 ಸಾವಿರ ರೂಪಾಯಿ. ವಿನಾಯಿತಿಯ ವಸ್ತುಗಳನ್ನಷ್ಟೇ ಮಾರುವವರಿಗಂತೂ ನೋಂದಣಿಯೇ ಬೇಕಿಲ್ಲ. ಆದರೆ ಯಾವುದು 35, ಯಾವುದು 7 ಎಂದು ತೋರಿಸಲು ಖರೀದಿ ಬಿಲ್ಲುಗಳೂ ದಿನವಹಿಯೂ ಬೇಕು. ಅವಿಲ್ಲದಿದ್ದರೆ ಅಧಿಕಾರಿಯ ಅಂದಾಜೇ ಲೆಕ್ಕವಾಗಿಬಿಡುತ್ತದೆ.

ದೊಡ್ಡ ಕಂಪನಿಗಳಿಗೆ ಲೆಕ್ಕಪರಿಶೋಧಕರ ಪಡೆಯೇ ಇದೆ. ಸಣ್ಣ ಅಂಗಡಿಯವನು ನೋಟಿಸು ಬಂದ ಬಳಿಕ ದಲ್ಲಾಳಿಯ ಕೈಗೆ ಸಿಕ್ಕಿ, ತೆರಿಗೆಗಿಂತ ಹೆಚ್ಚು ಹಣ ತೆರುವ ಅಪಾಯವಿದೆ. ನಮ್ಮ ಮನೆಗಳಲ್ಲಿ ಬಿ.ಕಾಂ. ಓದಿದ ಹೆಣ್ಣುಮಕ್ಕಳೂ ಗಂಡುಮಕ್ಕಳೂ ಇದ್ದಾರೆ. ವಾರಕ್ಕೊಂದು ಸಂಜೆ ಅವರು ಊರಿನ ವ್ಯಾಪಾರಿಗಳೊಂದಿಗೆ ಕುಳಿತು, ಮನೆಯ ಖಾತೆ ಮತ್ತು ಅಂಗಡಿಯ ಖಾತೆಯನ್ನು ಬೇರ್ಪಡಿಸಿ, ದಿನವಹಿ ಬರೆಯಲು ಕಲಿಸಲಿ. ಇದಕ್ಕೆ ಜಮಾಅತ್‌ಗಳೂ ವರ್ತಕರ ಸಂಘಗಳೂ ಒಂದು ಕೋಣೆಯನ್ನು ಬಿಟ್ಟುಕೊಟ್ಟರೆ ಸಾಕು.

ಸರಕಾರವನ್ನು ಪ್ರಶ್ನಿಸುವ ಹಕ್ಕು ನಮಗಿದೆ. ಲೆಕ್ಕದ ಪುಸ್ತಕ ಕೈಯಲ್ಲಿದ್ದಾಗ ಆ ಪ್ರಶ್ನೆಗೆ ಬಲ ಬರುತ್ತದೆ.