ಗೋಡೆಯ ಮೇಲಿನ ಜೀವಂತ ಹಸಿರು

ವಾಸದ ಮನೆಯನ್ನು ಸಿಂಗರಿಸಬೇಕೆಂಬ ಆಸೆ ಮಾನವನಿಗೆ ಸಹಜವಾದುದು. ಆದರೆ ಸಿಂಗಾರಕ್ಕೆ ಬಳಸಿದ ವಸ್ತು ಯಾವುದು, ಅದನ್ನು ಎಲ್ಲಿಂದ, ಹೇಗೆ ತಂದರು, ಬಳಸಿದ ಮೇಲೆ ಅದು ಎಲ್ಲಿಗೆ ಹೋಯಿತು ಎಂಬುದರಿಂದ ಆ ಮನೆಯವರ ಸಂಸ್ಕಾರ ತಿಳಿದುಬರುತ್ತದೆ. ಕೊಪ್ಪಳ ಸೀಮೆಯಲ್ಲಿ ಈ ಸಂಸ್ಕಾರಕ್ಕೆ ಎಂದೂ ಕೊರತೆಯಿರಲಿಲ್ಲ. ಯುಗಾದಿಗೆ ಮಾವು ಬೇವಿನ ತೋರಣ, ದಸರೆಗೆ ಬನ್ನಿ, ದೀಪಾವಳಿಯ ಪಾಡ್ಯದಂದು ಸೆಗಣಿಯ ಪಾಂಡವರಿಗೆ ಉತ್ತರಾಣಿ ಕಡ್ಡಿ ಮತ್ತು ಚೆಂಡುಹೂವು. ಇವೆಲ್ಲ ಹೊಲದ ಬದುವಿನಿಂದಲೂ ಹಳ್ಳದ ದಂಡೆಯಿಂದಲೂ ಆಯ್ದು ತಂದವು. ಹಬ್ಬ ಮುಗಿದ ಮೇಲೆ ತಿಪ್ಪೆ ಸೇರಿ ಗೊಬ್ಬರವಾಗುವಂಥವು.

ಇಂದು ಅದೇ ಬಾಗಿಲುಗಳ ಮೇಲೆ ಪ್ಲಾಸ್ಟಿಕ್ ಎಲೆಯ ತೋರಣ ಜೋತಾಡುತ್ತಿದೆ. ಅದು ಬಾಡುವುದಿಲ್ಲ, ನಿಜ. ಆದರೆ ಬದುಕಿಯೂ ಇಲ್ಲ. ಬಣ್ಣಗೆಟ್ಟಾಗ ಅದು ಮಣ್ಣಿಗೂ ಸೇರದು, ದನದ ಹೊಟ್ಟೆಗೂ ಸಲ್ಲದು. ಅಲಂಕಾರದ ಥರ್ಮೋಕೋಲ್ ಸಾಮಗ್ರಿಯನ್ನು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ. ಆದರೆ ಕಾನೂನು ಬೇಡವಾದುದನ್ನು ಮಾತ್ರ ಹೇಳಬಲ್ಲದು. ಅದರ ಸ್ಥಾನದಲ್ಲಿ ಏನಿರಬೇಕೆಂಬುದನ್ನು ಕಲಿಸುವ ಹೊಣೆ ಮನೆಗೂ ಶಾಲೆಗೂ ಸೇರಿದ್ದು.

ಆ ಪಾಠಕ್ಕೆ ದೂರ ಹೋಗಬೇಕಾದುದಿಲ್ಲ. ಅನೇಕ ಮನೆಗಳ, ಅಂಗಡಿಗಳ ಬಾಗಿಲ ಮೇಲೆ ಬೇರು ಮೇಲಾಗಿ ಕಟ್ಟಿದ ಲೋಳೆಸರವನ್ನು ಯಾರು ಕಂಡಿಲ್ಲ? ದೃಷ್ಟಿ ತಾಗದಿರಲೆಂದು ಹಿರಿಯರು ಅದನ್ನು ಕಟ್ಟಿದರು. ಆ ನಂಬಿಕೆಯನ್ನು ಒಪ್ಪುವವರು ಒಪ್ಪಲಿ, ಬಿಡುವವರು ಬಿಡಲಿ. ಆದರೆ ಮಣ್ಣಿಲ್ಲದೆ ತಿಂಗಳುಗಟ್ಟಲೆ ಆ ಗಿಡ ಹಸಿರಾಗಿ ಉಳಿಯುವ ಸಂಗತಿ ಮಾತ್ರ ಪ್ರತ್ಯಕ್ಷ ಸತ್ಯ. ಅದರ ಎಲೆಯೇ ಅದರ ನೀರಿನ ಕೊಡ. ಹಗಲಿನ ಬಿಸಿಲಿನಲ್ಲಿ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿಯ ತಂಪಿನಲ್ಲಿ ತೆರೆದು ಅದು ಉಸಿರಾಡುವುದರಿಂದ ತೇವ ವ್ಯರ್ಥವಾಗದು. ಅಮೃತಬಳ್ಳಿಯೂ ಇಂಥದೇ. ಬೆರಳು ಗಾತ್ರದ ತುಂಡನ್ನು ಕೊಯ್ದು ತೂಗುಹಾಕಿದರೂ ಅದು ನೂಲಿನಂಥ ಬೇರುಗಳನ್ನು ಇಳಿಬಿಟ್ಟು ನೆಲವನ್ನು ಅರಸುತ್ತದೆ. ಮಂಗರಬಳ್ಳಿಯ ಒಂದೊಂದು ಗೆಣ್ಣೂ ಹೊಸ ಬಳ್ಳಿಯಾಗಬಲ್ಲದು.

ಗೋಡೆಯ ಮೇಲೆ ಗಿಡ ಬೆಳೆಸುವ ಕಲೆ ಈಗ ಮಹಾನಗರಗಳಲ್ಲಿ ಮೆಚ್ಚುಗೆ ಪಡೆದಿದೆ. ಪ್ಯಾರಿಸ್ ನಗರದಲ್ಲಿ 2006ರಲ್ಲಿ ತೆರೆದ ಕೇ ಬ್ರಾನ್ಲಿ ವಸ್ತುಸಂಗ್ರಹಾಲಯದ ಹೊರಗೋಡೆಯನ್ನು ಸಸ್ಯಶಾಸ್ತ್ರಜ್ಞ ಪ್ಯಾಟ್ರಿಕ್ ಬ್ಲಾಂಕ್ ಗಿಡಗಳಿಂದಲೇ ಹೊದಿಸಿದರು. ಅಂಥ ಗೋಡೆಯಲ್ಲಿ ಮಣ್ಣಿಲ್ಲ. ದಪ್ಪ ಬಟ್ಟೆಯ ಮೇಲೆ ಪೋಷಕಾಂಶ ಬೆರೆತ ನೀರನ್ನು ಯಂತ್ರದಿಂದ ಮತ್ತೆ ಮತ್ತೆ ಹಾಯಿಸಬೇಕು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಕಾಣುವ ನಾಡಿಗೆ, ಅದರಲ್ಲೂ ಬೇಸಿಗೆಯಲ್ಲಿ ಕೊಡ ನೀರಿಗೆ ಕಾಯುವ ಕುಷ್ಟಗಿ, ಯಲಬುರ್ಗಾದ ಹಳ್ಳಿಗಳಿಗೆ ಆ ಮಾದರಿ ಸಲ್ಲದು. ಪಾತ್ರೆ ತೊಳೆದ ಬೊಗಸೆ ನೀರಿನಲ್ಲಿ ಬದುಕುವ ಗಿಡವೇ ಇಲ್ಲಿಯ ಗೋಡೆಗೆ ಭೂಷಣ.

ಇದಕ್ಕೆ ಬೇಕಾದ ಸಾಮಗ್ರಿ ಕಾಸು ಖರ್ಚಿಲ್ಲದೆ ದೊರೆಯುತ್ತದೆ. ಒಡೆದ ಮಡಕೆಯ ಅರ್ಧಭಾಗ, ಒಣಗಿದ ಸೋರೆ ಬುರುಡೆ, ತೆಂಗಿನ ಚಿಪ್ಪು, ಬೇಲಿಯಿಂದ ಉದುರಿದ ಒಣಟೊಂಗೆ ಇಷ್ಟಿದ್ದರೆ ಸಾಕು. ಗಂಗಾವತಿಯ ಅಕ್ಕಿ ಗಿರಣಿಗಳ ಭತ್ತದ ಹೊಟ್ಟನ್ನು ಕೆಮ್ಮಣ್ಣು, ಹಳೆಯ ಗೊಬ್ಬರಗಳೊಡನೆ ಬೆರೆಸಿದರೆ ಭಾರ ಕಡಿಮೆಯಾಗುತ್ತದೆ. ಬುರುಡೆಯ ತಳಕ್ಕೆ ಒಂದು ತೂತಿರಬೇಕು. ಮಣ್ಣಿನ ಗೋಡೆಯಾದರೆ ಎರಡು ಬೆರಳಷ್ಟು ಅಂತರ ಬಿಟ್ಟು ತೂಗಿಸಬೇಕು. ಇಲ್ಲವಾದರೆ ಗೋಡೆ ತೇವ ಹಿಡಿದೀತು. ಲೋಳೆಸರ, ದೊಡ್ಡಪತ್ರೆ, ಮಂಗರಬಳ್ಳಿಗಳು ಇದಕ್ಕೆ ಯೋಗ್ಯ. ಕಳ್ಳಿಯ ಹಾಲು ಕಣ್ಣಿಗೆ ಅಪಾಯಕಾರಿಯಾದುದರಿಂದ ಮಕ್ಕಳಿರುವಲ್ಲಿ ಅದನ್ನು ಕಟ್ಟಲಾಗದು. ಬಿಸಾಡಿದ ವಸ್ತುವಿನಿಂದ ಕಲೆ ಹುಟ್ಟುವುದು ಈ ಜಿಲ್ಲೆಗೆ ಹೊಸದಲ್ಲ. ಹಗುರ ಮರದ ಜೊತೆಗೆ ಹುಣಸೆಬೀಜದ ಅಂಟು, ಮರದ ಹೊಟ್ಟು, ಗೋಣಿನಾರುಗಳಿಂದ ಕಿನ್ನಾಳದ ಕಲಾವಿದರು ದೇವತಾಮೂರ್ತಿಗಳನ್ನೇ ರೂಪಿಸಿದರು. ಗೊನೆ ಕಡಿದ ಮೇಲೆ ಕೊಳೆಯುತ್ತಿದ್ದ ಬಾಳೆದಿಂಡಿನ ನಾರಿನಿಂದ ಆನೆಗೊಂದಿಯ ಮಹಿಳೆಯರು ಅನ್ನದ ದಾರಿ ಕಂಡುಕೊಂಡರು.

ಆದರೆ ಆಯುವ ಕೈಗೆ ಒಂದು ಮೇರೆ ಇರಲೇಬೇಕು. ದೇಶದ ಅನೇಕ ಯಾತ್ರಾಸ್ಥಳಗಳಲ್ಲಿ ಸಂಜೀವಿನಿ ಎಂಬ ಹೆಸರಿನಿಂದ ಒಣಗಿದ ಉಂಡೆಯೊಂದನ್ನು ಮಾರುವುದುಂಟು. ನೀರಿನಲ್ಲಿಟ್ಟರೆ ಅದು ಬಿಚ್ಚಿಕೊಂಡು ಹಸಿರಾಗುತ್ತದೆ. ಬಂಡೆಯ ಮೇಲೆ ಮಳೆಗಾಗಿ ಮುದುಡಿ ಕಾಯುವ ಆ ಪುಟ್ಟ ಸಸ್ಯವನ್ನು ಬೇರುಸಹಿತ ಕಿತ್ತು ತಂದವರು ಒಂದು ಮನೆಗೆ ಬೆರಗನ್ನು ಕೊಟ್ಟರು, ಒಂದು ಬಂಡೆಯನ್ನು ಬರಿದು ಮಾಡಿದರು. ಹಸಿರಿನ ಪ್ರೀತಿಯ ಹೆಸರಿನಲ್ಲಿಯೇ ಬೆಟ್ಟ ಬೋಳಾದರೆ ಅದು ಪ್ಲಾಸ್ಟಿಕ್ಕಿಗಿಂತ ಯಾವ ರೀತಿಯಲ್ಲಿ ಮೇಲು? ಆದುದರಿಂದ ಬಿದ್ದುದನ್ನು ಆಯಬೇಕು, ಬೇರೂರಿದುದನ್ನು ಬಿಡಬೇಕು. ಮರಿ ತರಬೇಕು, ತಾಯಿಯನ್ನು ಉಳಿಸಬೇಕು. ಇನ್ನೊಬ್ಬರ ಹೊಲದ ಬದುವಾದರೆ ಕೇಳಿ ತರಬೇಕು.

ಪರೀಕ್ಷೆಯ ಓದಿನ ನಡುವೆ ಇದೊಂದು ಕಾಲಹರಣವೆಂದು ಕೆಲ ಪಾಲಕರು ಹೇಳಬಹುದು. ಅವರ ಆತಂಕ ನಿಷ್ಕಾರಣವಲ್ಲ. ಆದರೂ ವಾರಕ್ಕೊಂದು ಗಂಟೆ ಗಿಡದ ಮುಂದೆ ನಿಂತ ವಿದ್ಯಾರ್ಥಿಗೆ ಪುಸ್ತಕದಲ್ಲಿನ ಪತ್ರರಂಧ್ರ ಕೇವಲ ಶಬ್ದವಾಗಿ ಉಳಿಯದು. ಅದಕ್ಕಿಂತ ಮಿಗಿಲಾದ ಲಾಭ ಇನ್ನೊಂದಿದೆ. ಗೋಡೆಗೆ ತೂಗುಹಾಕಿದ ಚಿತ್ರವನ್ನು ಮರೆತರೆ ಧೂಳು ಕೂಡೀತು, ಅಷ್ಟೆ; ಗಿಡವನ್ನು ಮರೆತರೆ ಜೀವವೊಂದು ಹೋಗುತ್ತದೆ. ಬೇಸಿಗೆ ರಜೆ ಬಂದಾಗ ನೀರೆರೆಯುವವರು ಯಾರೆಂಬ ಪ್ರಶ್ನೆಯೇ ಆ ಮಕ್ಕಳಿಗೆ ಹೊಣೆಗಾರಿಕೆಯ ಮೊದಲ ಪಾಠವಾದೀತು.

ಪ್ರತಿಯೊಂದು ಶಾಲೆಯೂ ತನ್ನ ಒಂದು ಗೋಡೆಯನ್ನು ಇದಕ್ಕಾಗಿ ಮೀಸಲಿಡಲಿ. ಮುಂದಿನ ವಾರ್ಷಿಕೋತ್ಸವದ ಮಂಟಪವು ಪೇಟೆಯಿಂದ ಬರದೆ ಮಕ್ಕಳ ಕೈಯಿಂದಲೇ ಬೆಳೆದು ಬರಲಿ. ಉತ್ಸವ ಮುಗಿದ ಮರುದಿನ ಅಲ್ಲಿ ಕಸ ಗುಡಿಸುವ ಕೆಲಸವಿರುವುದಿಲ್ಲ, ನೀರೆರೆಯುವ ಕೆಲಸವಿರುತ್ತದೆ.